ಸರದಿ ಬರಲಿ ಎನ್ನುವ ಗಾರ್ಡ್ ಚಿಕ್ಕಪ್ಪ

ಮನೆಯಿಂದ ಹೊರಡುವಾಗ ಗಾರ್ಡ್ ಚಿಕ್ಕಪ್ಪ ಬಾಗಿಲಲ್ಲಿ ನಿಂತು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಕತ್ತು ಹೊರಳಿಸಿ, ಹಿಂದಿರುಗಿ ನಡುಮನೆಯನ್ನೂ ಒಂದು ಗಳಿಗೆ ಪರಾಂಬರಿಸಿದ ನಂತರವೇ ಕಾಲು ಕೀಳುತ್ತಿದ್ದರು. ರೈಲಿನ ಕೊನೆಯ ಡಬ್ಬಿಯಲ್ಲಿ ನಿಂತು ಹಸಿರು ಬಾವುಟ ತೋರಿಸುವ ಕೆಲಸದಿಂದ ನಿವೃತ್ತರಾಗಿ ವರ್ಷಗಳೇ ಉರುಳಿದ್ದರೂ ಕಪ್ಪು ಕೋಟು ಮೈ ಬಿಟ್ಟಿರಲಿಲ್ಲ. ಸಿಗ್ನಲ್ ಬೀಳದೆ ಅಂಗುಲವೂ ಕದಲಬಾರದೆಂಬ ವ್ರತವಂತೂ ಮಜ್ಜೆಗೇ ಇಳಿದಿತ್ತು. ಒಂದು ಸೈಕಲ್ಲಿನ ಸುಳಿವೂ ಇಲ್ಲದ ರಸ್ತೆಯಂಚಿನಲ್ಲಿ, ಕೆಂಪು ದೀಪ ಹಸಿರಾಗುವವರೆಗೆ ಅವರು ಧ್ಯಾನಸ್ಥರಾಗಿ ನಿಲ್ಲುವುದನ್ನು ಕಂಡು ಅವರ ಅಣ್ಣನ ಮಗಳು ಹಲ್ಲು ಕಡಿದದ್ದುಂಟು. ಒಮ್ಮೆ ಹಾಲು ಉಕ್ಕಿ ಒಲೆಯೆಲ್ಲ ಹರಿಯುತ್ತಿದ್ದಾಗ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದರಂತೆ. ಚಿಕ್ಕಮ್ಮ ಹೌಹಾರಿದಾಗ, "ನೋಡ್ತಿರಿ ಅಂತ ಹೇಳಿ ಹೋದೆ, ನೋಡ್ತಿದ್ದೆ. ಒಲೆ ಆರಿಸಿ ಅಂತ ಹೇಳ್ಲಿಲ್ವಲ್ಲ" ಎಂದರಂತೆ.

ಇಂಥವರ ಕೈಗೆ ಚಿಕ್ಕಮ್ಮನ ಕಿವಿ ಬಂದು ಬಿತ್ತು. ಆಕೆಗೆ ಕೊಡಿಸಿದ ಹೊಸ ಶ್ರವಣಯಂತ್ರ ಗಂಡಹೆಂಡಿರಿಬ್ಬರಿಗೂ ಇದ್ದ ಒಂದೇ ಮೊಬೈಲಿನೊಡನೆ ಕೂಡಿಕೊಂಡು ಕರೆಯ ದನಿಯನ್ನು ನೇರ ಕಿವಿಗೆ ಮುಟ್ಟಿಸಬೇಕಿತ್ತು. ಮೊಬೈಲಿನ ಸಾಫ್ಟ್‌ವೇರ್ ಹಳತಾದ್ದರಿಂದ ಮಾತು ತುಂಡುತುಂಡಾಗಿ ಉದುರುತ್ತಿತ್ತು. ಅಪ್‌ಡೇಟ್ ಹಾಕಿದರೆ ಸರಿಹೋಗುತ್ತದೆ ಎಂದು ಯಂತ್ರ ಕೊಟ್ಟವರು ಹೇಳಿದ್ದರು. ಫೋನ್ ತಯಾರಿಸಿದವರು ಅದನ್ನು ತಮ್ಮ ವೆಬ್‌ಸೈಟಿನಲ್ಲಿ ಇಟ್ಟಿದ್ದರು, ಕಂಪ್ಯೂಟರಿಗೆ ಕೇಬಲ್ ಚುಚ್ಚಿ ಯಾರು ಬೇಕಾದರೂ ಹಾಕಿಕೊಳ್ಳಬಹುದಿತ್ತು. ಅದು ಬೇಡವೆಂದರೆ ಸಿಮ್ ಕಂಪನಿ ಸರದಿಯ ಮೇಲೆ ಕಳಿಸುವವರೆಗೆ ಕಾಯಬೇಕು. ಶಾಲೆಯಲ್ಲಿ ಕಂಪ್ಯೂಟರ್ ಪಾಠ ಹೇಳುವ ಅಣ್ಣನ ಮಗಳು ಕೇಬಲ್ ಹಿಡಿದು ಬಂದಾಗಲೆಲ್ಲ ಚಿಕ್ಕಪ್ಪನದು ಒಂದೇ ಮಂತ್ರ.

"ನಿಧಾನ ತಾಯಿ. ನಮ್ಮ ಸರದಿ ಬರ್ಲಿ."

"ಚಿಕ್ಕಪ್ಪ, ಇದೇನು ಕಳ್ಳಮಾಲಾ? ಅವರೇ ಕೊಟ್ಟಿರೋದು!"

"ಕೊಟ್ಟೋರು ಫೋನಿನವರು, ಬಿಡೋರು ಸಿಮ್ಮಿನವರು. ಇಬ್ಬರೂ ಸರಿ ಅನ್ನದೆ ಗಾಡಿ ಬಿಡೋ ಹಾಗಿಲ್ಲ."

ಬೆಳಗೆದ್ದು ಮೊಬೈಲ್ ತೆರೆದು, ಸಿಮ್ ಕಂಪನಿಯ ಸಂದೇಶ ಬಂದಿಲ್ಲವೆಂದು ಖಚಿತಪಡಿಸಿಕೊಂಡು, ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿ, ಪರಮ ತೃಪ್ತಿಯಿಂದ ಕಾಫಿ ಹೀರುವ ಆ ಮನುಷ್ಯನೊಡನೆ ವಾದಿಸುವುದೆಂದರೆ ಕೋಣನ ಮುಂದೆ ಕಿನ್ನರಿ ಬಾರಿಸಿದಂತೆಯೇ. ಅವಳಿಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸುತ್ತಿತ್ತು.

ಅವಳ ಸಿಟ್ಟಿಗೆ ಕಾರಣ ಬೇರೆಯೇ ಇತ್ತು. ಬೇರೆ ಊರಿನಲ್ಲಿ, ಮಗನ ಮನೆಯಲ್ಲಿ, ಚಿಕ್ಕಮ್ಮನ ಅಕ್ಕ ಹಾಸಿಗೆ ಹಿಡಿದಿದ್ದರು. ಪ್ರತಿ ಸಂಜೆ ಆಕೆಯ ಕರೆ ಬರುತ್ತಿತ್ತು, ಪ್ರತಿ ಸಂಜೆ ದನಿ ಇನ್ನಷ್ಟು ಸಣ್ಣಗಾಗುತ್ತಿತ್ತು. ಚಿಕ್ಕಮ್ಮ ಫೋನನ್ನು ಕಿವಿಗೆ ಒತ್ತಿ, ಏನೂ ತಿಳಿಯದೆ "ಹೂಂ ಅಕ್ಕ, ಹೂಂ" ಎನ್ನುತ್ತಿದ್ದಳು. ಒಮ್ಮೆ ಹೋಗಿ ನೋಡಿಕೊಂಡು ಬರೋಣವೆಂದರೆ ಅದಕ್ಕೂ ಚಿಕ್ಕಪ್ಪ, "ಕರೆಯದೆ ಹೋಗೋದು ಹೇಗೆ? ಬಾ ಅನ್ಲಿ, ಹೋಗೋಣ" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಚಿಕ್ಕಮ್ಮ ಅವರ ಕೋಟಿನ ಜೇಬಿಗೆ ಕೈಹಾಕಿ ಮೊಬೈಲ್ ತೆಗೆದು ಅಣ್ಣನ ಮಗಳ ಕೈಗಿಟ್ಟಳು. ಚಿಕ್ಕಪ್ಪ ಧಡಕ್ಕನೆ ಎದ್ದರು.

"ಗಾರ್ಡ್ ನೀವೇ ಇರಬಹುದು, ಕಿವಿ ನನ್ನದು" ಎಂದಳು ಚಿಕ್ಕಮ್ಮ.

ಅವಳು ಕೇಬಲ್ ಚುಚ್ಚಿ ಅಪ್‌ಡೇಟ್ ಹಾಕುವಾಗ ಪರದೆ ಕಪ್ಪಾಗಿದ್ದಷ್ಟು ಹೊತ್ತೂ ಅವರು "ಹೋಯ್ತು, ಫೋನ್ ಹೋಯ್ತು" ಎಂದು ಗೊಣಗುತ್ತ ಶತಪಥ ತಿರುಗಿದರು. ಫೋನಿಗೆ ಏನೂ ಆಗಲಿಲ್ಲ.

ಸಂಜೆ ಕರೆ ಬಂತು. ಚಿಕ್ಕಮ್ಮನ ಮುಖ ಮೊದಲು ಅರಳಿತು, ಆಮೇಲೆ ನಿಧಾನವಾಗಿ ಬಿಳಿಚಿಕೊಂಡಿತು. ಫೋನ್ ಇಟ್ಟು ಗಂಡನ ಕಡೆ ತಿರುಗಿದಳು.

"ದಿನಾ ಬಾ ಅಂತಿದ್ಲಂತೆ ರೀ. ದಿನಾ ನಾನು ಹೂಂ ಅಂತಿದ್ನಂತೆ. ಬಾಗಿಲು ನೋಡ್ಕೊಂಡೇ ಮಲಗಿದಾಳೆ."

ಅಷ್ಟಂದವಳು ಒಳಗೆ ಹೋಗಿ ಸೀರೆಗಳನ್ನು ಚೀಲಕ್ಕೆ ತುರುಕತೊಡಗಿದಳು. ಚಿಕ್ಕಪ್ಪ ಕೋಟಿನ ಗುಂಡಿಯನ್ನು ತಿರುವುತ್ತ ಮೆಲ್ಲಗೆ ಹೇಳಿದರು: "ಮೆಸೇಜ್ ಬಂದ ಮೇಲೆ ಹಾಕಿದ್ರೂ ಹೀಗೇ ಕೇಳಿಸ್ತಿತ್ತು." ಅಣ್ಣನ ಮಗಳ ಸಿಟ್ಟು ಇಳಿಯಲಿಲ್ಲ.

ಇಂಥವರು ಕೆಟ್ಟವರಲ್ಲ. ಅವಸರದಿಂದ ಯಾರ ಕೂದಲನ್ನೂ ಕೊಂಕಿಸಿದವರಲ್ಲ. ತಮ್ಮಿಂದ ತಪ್ಪಾಗಬಾರದೆಂಬ ಎಚ್ಚರದಲ್ಲೇ ಆಯುಷ್ಯ ಸವೆಸುವ ಸಜ್ಜನರು. ಸಹನೆ ತಮ್ಮ ಗುಣವೆಂದು ಅವರು ನಂಬಿರುತ್ತಾರೆ. ಸಹಿಸುವ ಕೆಲಸವನ್ನು ಮಾತ್ರ ಬೇರೆ ಯಾರೋ ಮಾಡುತ್ತಿರುತ್ತಾರೆ.