ಗೋಮಾಳದ ಪಾರ್ಕಿನ ಗೃಹಪ್ರವೇಶ

ಬೋಗಾದಿಯ ಹಳೇ ಗೋಮಾಳದಲ್ಲಿ ಪಾರ್ಕೊಂದು ಸಿದ್ಧವಾಗಿ ಬಹಳ ದಿನವಾಗಿತ್ತು. ಒಳಗೆ ಕಾಲಿಡುವ ಭಾಗ್ಯ ಮಾತ್ರ ಇನ್ನೂ ಯಾರಿಗೂ ಬಂದಿರಲಿಲ್ಲ. ಜಾರುಬಂಡೆ ಇತ್ತು, ಉಯ್ಯಾಲೆ ಇತ್ತು, ವಾಕಿಂಗ್ ಮಾಡುವವರಿಗೆ ಹಾದಿ ಇತ್ತು, ದೊಡ್ಡವರು ಕೈಕಾಲು ಆಡಿಸಲು ಕಬ್ಬಿಣದ ಯಂತ್ರಗಳಿದ್ದವು. ಒಂದು ಮೂಲೆಯಲ್ಲಿ ತಂಗಡಿ, ಲಂಟಾನದ ಪೊದೆ, ಹೊಂಗೆ ಮರಗಳನ್ನು ಇದ್ದ ಹಾಗೇ ಬಿಟ್ಟು, ಮುಂದೆ ‘ನೈಸರ್ಗಿಕ ಪ್ರದೇಶ’ ಎಂಬ ಹಸಿರು ಬೋರ್ಡು ನೆಟ್ಟಿದ್ದರು. ಮೊದಲು ಇಡೀ ಗೋಮಾಳವೇ ಹಾಗಿತ್ತು. ಬೋರ್ಡು ಇರಲಿಲ್ಲವಾದ್ದರಿಂದ ಅದು ನೈಸರ್ಗಿಕವೆಂದು ಯಾರಿಗೂ ಗೊತ್ತಾಗಿರಲಿಲ್ಲ. ಇದಿಷ್ಟಕ್ಕೂ ಮುಂದೆ ಒಂದು ದೊಡ್ಡ ಗೇಟು, ಗೇಟಿಗೆ ದೊಡ್ಡ ಬೀಗ. ಯಾಕಪ್ಪಾ ಬೀಗ ಅಂದರೆ, ಉದ್ಘಾಟನೆ ಆಗಿಲ್ಲ.

ಆ ಬೀಗದ ಮುಂದೆ ದಿನಾ ಬೆಳಗ್ಗೆ ಬಂದು ನಿಲ್ಲುತ್ತಿದ್ದವಳು ಕುಸುಮ. ಖಾಸಗಿ ಶಾಲೆಯೊಂದರಲ್ಲಿ ಆಟದ ಟೀಚರಾಗಿದ್ದವಳು. ಆ ಶಾಲೆಯವರು ಆಟದ ಪೀರಿಯಡ್ಡನ್ನು ತೆಗೆದು ಅಲ್ಲಿಗೆ ಇನ್ನೊಂದು ಗಣಿತ ತಂದು ಕೂರಿಸಿದರು; ಪೀರಿಯಡ್ಡಿನ ಜೊತೆ ಕುಸುಮಳೂ ಹೊರಗೆ ಬಿದ್ದಳು. ಅಷ್ಟರಲ್ಲಿ ಪಾರ್ಕುಗಳನ್ನು ನೋಡಿಕೊಳ್ಳುವ ಕಚೇರಿಯವರಿಗೆ ಅಪರೂಪಕ್ಕೊಂದು ಒಳ್ಳೆಯ ಬುದ್ಧಿ ಬಂತು. ಬರೀ ಬೆಂಚು ಹಾಕಿದರೆ ಸಾಲದು, ಹೊಸ ಪಾರ್ಕಿಗೆ ಒಬ್ಬರು ಆಟ ಕಲಿಸುವವರೂ ಇರಲಿ ಎಂದುಕೊಂಡರು. ಮೊದಲು ಬೇಸಿಗೆ ರಜದಲ್ಲಿ ಶಿಬಿರ. ಮಕ್ಕಳು ಬಂದು, ಶಿಬಿರ ಚೆನ್ನಾಗಿ ನಡೆದರೆ ರಜ ಮುಗಿದ ಮೇಲೂ ದಿನಾ ಸಂಜೆ ಆಟ, ಕುಸುಮಳಿಗೆ ಖಾಯಂ ಕೆಲಸ. ಇಲ್ಲದಿದ್ದರೆ ‘ಮುಂದಿನ ವರ್ಷ ನೋಡೋಣ’. ಕಚೇರಿಯವರು ‘ನೋಡೋಣ’ ಅಂದರೆ ಕಣ್ಣು ಮುಚ್ಚಿಕೊಂಡರು ಎಂದೇ ಅರ್ಥ, ಅದು ಕುಸುಮಳಿಗೂ ಗೊತ್ತಿತ್ತು. ಅವಳಿಗೆ ಆಟ ಬಿಟ್ಟರೆ ಬೇರೆ ವಿದ್ಯೆ ಬರುತ್ತಿರಲಿಲ್ಲ, ಬರಬೇಕೆಂಬ ಆಸೆಯೂ ಇರಲಿಲ್ಲ. ಈ ಒಂದು ಶಿಬಿರ ಅವಳಿಗೆ ಅಷ್ಟು ಮುಖ್ಯವಾಗಿತ್ತು.

ಹೀಗೆ ಒಂದು ಕಚೇರಿ ‘ಶಿಬಿರ ಶುರು ಮಾಡಿ’ ಅಂದಿತ್ತು. ಅದೇ ಕಚೇರಿಯ ಪಕ್ಕದ ಕೋಣೆ ‘ಉದ್ಘಾಟನೆ ಆಗೋವರೆಗೂ ಯಾರನ್ನೂ ಬಿಡಬೇಡಿ’ ಅಂದಿತ್ತು. ಎರಡು ಕೋಣೆಗಳ ನಡುವೆ ಸಿಕ್ಕಿಕೊಂಡವನು ಮಹೇಂದ್ರ, ಪಾರ್ಕಿನ ಮೇಲ್ವಿಚಾರಕ. ಒಳ್ಳೆಯ ಮನುಷ್ಯ. ಗಿಡಕ್ಕೆ ಹುಳ ಬಿದ್ದರೆ ತಾನು ಊಟ ಬಿಡುತ್ತಿದ್ದ. ಆದರೆ ಮೇಲಿನವರು ಹೇಳದಿದ್ದರೆ ಬಂದ ಸೀನನ್ನೂ ತಡೆದುಕೊಳ್ಳುವಷ್ಟು ಪುಕ್ಕಲು.

“ಸರ್, ಅರ್ಧ ರಜ ಮುಗೀತಾ ಬಂತು. ಆ ಮೂಲೇಲಿ ಒಂದಿಷ್ಟು ಜಾಗ ಬಿಟ್ಕೊಡಿ ಸಾಕು,” ಎಂದು ಕುಸುಮ ಬೇಡಿದಳು.

“ನನ್ ಕೈಲಿ ಏನಿದೆ ಮೇಡಂ? ಗಣ್ಯರು ಬಂದು ಟೇಪು ಕತ್ತರಿಸ್ಲಿ. ಆಮೇಲೆ ನೀವುಂಟು, ನಿಮ್ ಮಕ್ಕಳುಂಟು.”

ಗಣ್ಯರು ಬರಬೇಕಲ್ಲ! ಮೊದಲ ಸಲ ಅವರಿಗೆ ಜ್ವರ ಬಂತು. ಎರಡನೇ ಸಲ ಅವರದೇ ಪೈಕಿ ಯಾರದೋ ಮದುವೆ ಬಂತು. ಕುಸುಮ ಸುಮ್ಮನೆ ಕೂರುವ ಪೈಕಿಯಲ್ಲ. ಗೇಟಿನ ಮುಂದಿನ ರಸ್ತೆಯಲ್ಲೇ ಮಕ್ಕಳನ್ನು ಸೇರಿಸಿ ಲಗೋರಿ ಶುರು ಮಾಡಿದಳು. ಕಟ್ಟಡದ ಕೆಲಸದವರು ಬಿಸಾಡಿದ ಟೈಲ್ಸ್ ಚೂರುಗಳೇ ಲಗೋರಿ ಕಲ್ಲು. ಆದರೆ ಬೋಗಾದಿಯಲ್ಲಿ ಮನೆ ಏಳದ ರಸ್ತೆ ಯಾವುದಿದೆ? ಚೆಂಡು ಒಮ್ಮೆ ಹೋಗಿ ಸಿಮೆಂಟ್ ಕಲಸುವ ಯಂತ್ರಕ್ಕೆ ಬಿತ್ತು. ಇನ್ನೊಮ್ಮೆ ಪಿಜಿ ಹುಡುಗನೊಬ್ಬ ಬಾಲ್ಕನಿಯಲ್ಲಿ ಕೂತು ಕುಡಿಯುತ್ತಿದ್ದ ಕಾಫಿ ಲೋಟಕ್ಕೇ ಬಿತ್ತು. ಕೊನೆಗೆ ಜಲ್ಲಿ ಲಾರಿಯೊಂದು ಮಕ್ಕಳ ಪಕ್ಕದಲ್ಲೇ ಸುಂಯ್ಯೆಂದು ಹೋದಾಗ ಕುಸುಮ ಎಲ್ಲರನ್ನೂ ಗೇಟಿನ ಪಕ್ಕಕ್ಕೆ ಎಳೆದುಕೊಂಡಳು. ಅವತ್ತಿನಿಂದ ರಸ್ತೆಯ ಆಟ ಬಂದ್. ಮಕ್ಕಳು ಗೇಟಿನ ಸರಳು ಹಿಡಿದು ಒಳಗಿನ ಉಯ್ಯಾಲೆ ನೋಡುತ್ತಾ ನಿಲ್ಲುವರು. ಹೊಟ್ಟೆ ಉರಿಯುತ್ತಿದ್ದುದು ಕುಸುಮಳಿಗೆ.

ಮೂರನೇ ಮುಹೂರ್ತ ವೈಶಾಖದಲ್ಲಿ ಕೂಡಿಬಂತು. ಈ ಸಲ ಗ್ಯಾರಂಟಿ ಎಂದರು. ಮಹೇಂದ್ರ ಗೇಟಿನ ಎರಡೂ ಕಡೆ ಬಾಳೆಕಂಬ ಕಟ್ಟಿಸಿದ, ಮಾವಿನ ತೋರಣ ಹಾಕಿಸಿದ, ಚೆಂಡು ಹೂವಿನ ಹಾರ ಇಳಿಬಿಡಿಸಿದ. ಬೀದಿಯ ಹೆಂಗಸರು ರೇಷ್ಮೆ ಸೀರೆ ಉಟ್ಟು ಆರತಿ ತಟ್ಟೆ, ಕಳಶ ಹಿಡಿದು ಬಿಸಿಲಲ್ಲಿ ಸಾಲಾಗಿ ನಿಂತರು. ಗೇಟು ಹಾರು ಹೊಡೆದಿತ್ತು, ಅಡ್ಡ ಕಟ್ಟಬೇಕಾದ ಟೇಪು ಮಾತ್ರ ಮಹೇಂದ್ರನ ಜೇಬಿನಲ್ಲಿತ್ತು. ಹತ್ತಾಯಿತು, ಹನ್ನೊಂದಾಯಿತು. ಹೆಂಗಸರ ಮುಖದ ಪೌಡರು ಕರಗಿ ಹರಿಯಿತು. ಆಮೇಲೆ ಮಹೇಂದ್ರನ ಫೋನು ಬಡಿದುಕೊಂಡಿತು. ಅವನು ಎದ್ದು ನಿಂತೇ ಮಾತಾಡಿದ, “ಆಯ್ತು ಸರ್, ಆಯ್ತು ಸರ್” ಎಂದು ಗಾಳಿಗೆ ಕೈ ಮುಗಿದ. ಗಣ್ಯರು ದೆಹಲಿಗೆ ಹಾರಿದ್ದರು.

ಕುಸುಮ ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತಳು. ಇನ್ನು ಈ ರಜದಲ್ಲಿ ಶಿಬಿರವಿಲ್ಲ, ಶಿಬಿರವಿಲ್ಲದಿದ್ದರೆ ಕೆಲಸವೂ ಇಲ್ಲ. ಅಳು ಬಂತು, ಸುತ್ತ ನಿಂತಿದ್ದ ಮಕ್ಕಳ ಮುಂದೆ ಅಳಬಾರದೆಂದು ನುಂಗಿಕೊಂಡಳು.

ಅದೇ ಹೊತ್ತಿಗೆ ರಸ್ತೆಯ ತಿರುವಿನಲ್ಲಿ ಬೋರಮ್ಮ ಬಂದಳು. ಬೋರಮ್ಮ ಹಳೇ ಊರಿನವಳು. ಒಂದು ಕಾಲಕ್ಕೆ ಇದೇ ಗೋಮಾಳದಲ್ಲಿ ದನ ಮೇಯಿಸಿದವಳು. ಗೋಮಾಳ ಹೋಗಿ ಬಡಾವಣೆ ಬಂದ ಮೇಲೆ ಅವಳ ಕಸುಬೂ ಬದಲಾಯಿತು. ಸುತ್ತಮುತ್ತ ವಾರಕ್ಕೊಂದು ಹೊಸ ಮನೆಯ ಗೃಹಪ್ರವೇಶ, ಮನೆಗೆ ಮೊದಲು ಹಸು ಕರು ನುಗ್ಗಬೇಕು, ಈ ಬಡಾವಣೆಯಲ್ಲಿ ಹಸು ಕಟ್ಟಿದವರು ಯಾರಿದ್ದಾರೆ? ಬೋರಮ್ಮನ ಗೌರಿ, ಗೌರಿಯ ಕರು, ಅಷ್ಟೇ. ಗೌರಿ ಗ್ರಾನೈಟ್ ಮೆಟ್ಟಿಲನ್ನು ಜಾರದೆ ಹತ್ತುತ್ತಿತ್ತು, ಫೋಟೋದವನ ಕಡೆ ಮುಖ ಮಾಡಿ ನಿಲ್ಲುತ್ತಿತ್ತು. ಇಷ್ಟು ವರ್ಷದ ಅನುಭವದಲ್ಲಿ ಅದಕ್ಕೆ ಒಂದು ವಿಷಯ ಖಚಿತವಾಗಿತ್ತು: ಎಲ್ಲಿ ಬಾಳೆಕಂಬ, ಮಾವಿನ ತೋರಣ ಇದೆಯೋ ಅದರ ಒಳಗೆ ಬಾಳೆಹಣ್ಣು, ಬೆಲ್ಲ ಇದೆ.

ಅವತ್ತೂ ಒಂದು ಮನೆ ಮುಗಿಸಿಕೊಂಡು, ಕೊಂಬಿಗೆ ಹೂವು, ಬೆನ್ನ ಮೇಲೆ ಹೊಸ ರವಿಕೆ ಬಟ್ಟೆ ಸಮೇತ ಗೌರಿ ಮನೆಗೆ ಹೊರಟಿತ್ತು. ಪಾರ್ಕಿನ ಗೇಟು ನೋಡಿತು. ತೋರಣ ನೋಡಿತು. ಆರತಿ ಹಿಡಿದ ಹೆಂಗಸರನ್ನು ನೋಡಿತು. ಇನ್ನೇನು ಬೇಕು? ಬೋರಮ್ಮನ ಕೈಯ ಹಗ್ಗ ಜಗ್ಗಿಕೊಂಡು ನೇರವಾಗಿ ಗೇಟಿಗೆ ನಡೆಯಿತು.

ಗೇಟಿಗೆ ಎಲ್ಲರಿಗಿಂತ ಹತ್ತಿರ ಕೂತಿದ್ದವಳು ಕುಸುಮ. ‘ಹೊಯ್’ ಅಂದಿದ್ದರೆ ಸಾಕು, ಹಸು ನಿಲ್ಲುತ್ತಿತ್ತು. ಅನ್ನಲು ಬಾಯಿ ತೆರೆದಳು ಕೂಡ. ಯಾಕೋ ಮತ್ತೆ ಮುಚ್ಚಿಕೊಂಡು, ಕಾಲು ಹಿಂದಕ್ಕೆಳೆದು ಹಸುವಿಗೆ ದಾರಿ ಬಿಟ್ಟಳು.

ಗೌರಿ ಬಲಗಾಲಿಟ್ಟೇ ಒಳಗೆ ಹೋಯಿತು. ಹಿಂದೆ ಕರು ಚೆಂಗನೆ ನೆಗೆಯಿತು. ಕೈಯಲ್ಲಿ ಆರತಿ ಹಿಡಿದ ಹೆಂಗಸರು ಎದುರಿಗೆ ಅಲಂಕಾರದ ಹಸು ಬಂದರೆ ಸುಮ್ಮನಿರುತ್ತಾರೆಯೇ? ಬೆಳಗಿಯೇ ಬಿಟ್ಟರು. ಗಣ್ಯರಿಗೆಂದು ತಂದಿದ್ದ ಹಣ್ಣಿನ ಬುಟ್ಟಿಯಿಂದ ಬಾಳೆಹಣ್ಣು ಗೌರಿಯ ಬಾಯಿಗೆ ಹೋಯಿತು. ಗೌರಿ ಹಣ್ಣು ತಿಂದು, ಹೊಸ ಹುಲ್ಲುಹಾಸಿನ ನಡುಮಧ್ಯೆ ಬಾಲ ಎತ್ತಿ ಗಂಜಲ ಹುಯ್ಯಿತು.

“ಆಯ್ತು, ಶುಭ ಆಯ್ತು!” ಎಂದು ಬೋರಮ್ಮ ಚಪ್ಪಾಳೆ ತಟ್ಟಿದಳು. “ಯಾರಾದ್ರೂ ಒಂದು ಪಾತ್ರೆ ತನ್ರವ್ವಾ, ಹಾಲು ಉಕ್ಕುಸ್ಬುಡಾನ.”

ಪಾತ್ರೆ ಬಂತು, ಬೋರಮ್ಮ ಗೌರಿಯ ಹಾಲನ್ನೇ ಕರೆದಳು, ಲಗೋರಿಯ ಟೈಲ್ಸ್ ಚೂರುಗಳಲ್ಲೇ ಒಲೆ ಎದ್ದಿತು, ಹಾಲು ಮೂಡಣ ದಿಕ್ಕಿಗೇ ಉಕ್ಕಿತು. ಇದೆಲ್ಲ ಮುಗಿಯುವ ಹೊತ್ತಿಗೆ, ಕಚೇರಿಯವರ ಜೊತೆ ಫೋನಿನಲ್ಲಿ ಮಾತಾಡುತ್ತಾ ರಸ್ತೆಯಾಚೆ ಹೋಗಿದ್ದ ಮಹೇಂದ್ರ ಬೀಗ ಹಿಡಿದು ಓಡಿ ಬಂದ.

“ಏನಿದು! ಯಾರ್ ಬಿಟ್ಟಿದ್ದು ಹಸೂನ? ಎಲ್ಲಾ ಈಚೆ ಬನ್ನಿ, ಗೇಟ್ ಹಾಕ್ಬೇಕು!”

“ಏನ್ ಮಾತಾಡ್ತೀಯಪ್ಪಾ?” ಬೋರಮ್ಮ ಸೊಂಟದ ಮೇಲೆ ಕೈಯಿಟ್ಟಳು. “ಹಸ ನುಗ್ಗೈತೆ, ಹಾಲು ಉಕ್ಕೈತೆ. ಅಂಥಾ ಜಾಗಕ್ಕೆ ಅವತ್ತೇ ಬೀಗ ಹಾಕ್ತಾರಾ ಯಾರಾದ್ರೂ?”

“ಇದು ಮನೆ ಅಲ್ಲ ಬೋರಮ್ಮ, ಪಾರ್ಕು.”

“ಹಸೀಗೆ ಗೊತ್ತಾ ಅದು? ನೋಡು, ನೀನು ಕಾರ್ಡು ಕೊಟ್ಟಿದ್ದೀಯ. ಭಾನುವಾರ ಶ್ರೀರಾಂಪುರದಲ್ಲಿ ನಿನ್ ಹೊಸ ಮನೇಗೆ ನುಗ್ಗೋದೂ ಇದೇ ಗೌರೀನೇ. ಇವತ್ತು ಅವಳು ನುಗ್ಗಿದ ಕಡೆ ಬೀಗ ಜಡಿ. ಭಾನುವಾರ ಅದೇ ಮೊಕ ಇಟ್ಕಂಡು ಅವಳನ್ನ ಎಂಗೆ ಕರೀತೀಯಾ, ನಾನೂ ನೋಡ್ತೀನಿ.”

ಮಹೇಂದ್ರನ ಮುಖ ಬಿಳಿಚಿತು. ಆ ಮನೆಗೆ ಅವನು ತನ್ನ ಅರ್ಧ ಆಯುಷ್ಯ ಸುರಿದಿದ್ದ. ಒಂದು ಕಡೆ ಕಚೇರಿ, ಇನ್ನೊಂದು ಕಡೆ ಗೌರಿ. ಕಚೇರಿಯ ಕೋಪಕ್ಕೆ ಉತ್ತರ ಬರೆದು ಕಳಿಸಬಹುದು, ಹಸುವಿನ ಕೋಪಕ್ಕೆ ಯಾರಿಗೆ ಬರೆಯುವುದು? ಬೀಗವನ್ನು ನೋಡಿದ, ಮಕ್ಕಳನ್ನು ನೋಡಿದ.

“ಇವತ್ತೊಂದಿನ ಮಾತ್ರ,” ಎಂದ.

ಮಾತು ಮುಗಿಯುವ ಮೊದಲೇ ಉಯ್ಯಾಲೆಗಳು ಆಕಾಶಕ್ಕೆ ಹೋಗಿದ್ದವು. ಕುಸುಮ ಸೀರೆಯ ಸೆರಗು ಸಿಕ್ಕಿಸಿ, ಟೈಲ್ಸಿನ ಒಲೆ ಬಿಚ್ಚಿ ಲಗೋರಿ ಜೋಡಿಸಿದಳು. ಇವತ್ತೊಂದಿನ ಎಂದದ್ದು ನಾಳೆಗೂ ಆಯಿತು, ನಾಡಿದ್ದಿಗೂ ಆಯಿತು. ಭಾನುವಾರ ಗೌರಿ ಮಹೇಂದ್ರನ ಮನೆಗೆ ಸಾಂಗವಾಗಿ ನುಗ್ಗಿ ಬಂದ ಮೇಲಂತೂ ಅವನು ಬೀಗವನ್ನು ಎಲ್ಲಿಟ್ಟನೋ ಅವನಿಗೇ ಮರೆಯಿತು. ಬೆಳಗ್ಗೆ ಖೋಖೋ, ಕುಂಟೆಬಿಲ್ಲೆ, ಲಗೋರಿ. ಬಿಸಿಲೇರಿದ ಮೇಲೆ ಹೊಂಗೆ ನೆರಳಲ್ಲಿ ಅಳಿಗುಳಿಮಣೆ. ನೈಸರ್ಗಿಕ ಪ್ರದೇಶದೊಳಗೆ ಓತಿಕ್ಯಾತ ನೋಡಲು ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದವನು ಸ್ವತಃ ಮಹೇಂದ್ರ. ಮಕ್ಕಳು ಹುಲ್ಲು ತುಳಿದರೆ ಅವನಿಗೆ ಮೊದಮೊದಲು ಸಂಕಟವಾಗುತ್ತಿತ್ತು, ಆಮೇಲಾಮೇಲೆ ತಾನೂ ಚಪ್ಪಲಿ ಬಿಟ್ಟು ತುಳಿಯತೊಡಗಿದ.

ಆದರೆ ಶಿಬಿರ ಅರ್ಧ ರಜಕ್ಕೆ ಶುರುವಾದದ್ದು. ಕಚೇರಿಯ ಪ್ರಕಾರ ಉದ್ಘಾಟನೆಯಾಗದ ಪಾರ್ಕಿನಲ್ಲಿ ಶಿಬಿರ ನಡೆದೇ ಇಲ್ಲ. ನಡೆಯದ ಶಿಬಿರ ಚೆನ್ನಾಗಿ ನಡೆಯಿತೆಂದು ಹೇಳುವವರು ಯಾರು? ದಿನ ಕಳೆದಂತೆ ಕುಸುಮಳಿಗೆ ಮಕ್ಕಳ ನಗುವಿನ ನಡುವೆಯೂ ಒಳಗೊಳಗೇ ಹೆದರಿಕೆಯಾಗುತ್ತಿತ್ತು.

ರಜದ ಕೊನೆಯ ದಿನ, ಹೇಳದೆ ಕೇಳದೆ, ಗಣ್ಯರು ಬಂದೇಬಿಟ್ಟರು. ಗುಂಗ್ರಾಲ್ ಛತ್ರದ ಕಡೆ ಯಾವುದೋ ಕಾರ್ಯಕ್ರಮ ಮುಗಿಸಿ, ದಾರಿಯಲ್ಲಿ ಇದನ್ನೂ ಮುಗಿಸೋಣವೆಂದು ಕಾರು ತಿರುಗಿಸಿದ್ದರು. ಹಿಂದೆ ಕಚೇರಿಯ ದೊಡ್ಡವರೊಬ್ಬರು ಫೈಲು ಹಿಡಿದು ಇಳಿದರು. ಮಹೇಂದ್ರ ಗಡಿಬಿಡಿಯಲ್ಲಿ ಗೇಟಿಗೆ ಟೇಪು ಕಟ್ಟಿದ. ಟೇಪಿನ ಆ ಕಡೆ ನೋಡಿದರೆ ಮಕ್ಕಳು ಇರುವೆಯ ಹಾಗೆ ತುಂಬಿಕೊಂಡಿದ್ದಾರೆ.

“ಇದೇನ್ರೀ, ನಾನು ಉದ್ಘಾಟನೆ ಮಾಡೋ ಮೊದಲೇ ಜನ ಒಳಗಿದ್ದಾರೆ?” ಎಂದರು ಗಣ್ಯರು. ಮಹೇಂದ್ರ ಟೇಪಿನ ಗಂಟು ಸರಿಮಾಡತೊಡಗಿದ. ಬೆಂಚಿನ ಮೇಲೆ ಎಲೆ ಅಡಿಕೆ ಹಾಕುತ್ತಾ ಕೂತಿದ್ದ ಬೋರಮ್ಮನೇ ಎದ್ದು ಬಂದಳು.

“ಗೃಹಪ್ರವೇಶ ಅವತ್ತೇ ಆಗೋಯ್ತು ಕಣಪ್ಪ. ನೀನು ಊಟದೊತ್ತಿಗೆ ಬಂದಿದ್ದೀಯ. ನೆಂಟ್ರು ಬರೋದೇ ಆಗ, ಅದಕ್ಕ್ಯಾಕೆ ಬೇಜಾರು? ಬಾ ಒಳೀಕೆ.”

ಗಣ್ಯರು ಕ್ಷಣ ತಬ್ಬಿಬ್ಬಾದರು. ಆಮೇಲೆ ಹೊಟ್ಟೆ ಕುಣಿಸುತ್ತಾ ನಕ್ಕು ಟೇಪು ಕತ್ತರಿಸಿದರು. ಒಳಗೆ ಲಗೋರಿ ನಡೆಯುತ್ತಿತ್ತು. “ಕೊಡಿ ಇಲ್ಲಿ, ನಾನೂ ಆಡಿದವನೇ,” ಎಂದು ಚೆಂಡು ಇಸಿದುಕೊಂಡು ಎಸೆದರು. ಕಲ್ಲುಗಳು ಚೆಲ್ಲಾಪಿಲ್ಲಿಯಾದವು. ಗಣ್ಯರು ಹೆಮ್ಮೆಯಿಂದ ನಿಂತರು. ಲಗೋರಿಯಲ್ಲಿ ಕಲ್ಲು ಕೆಡವಿದ ಮೇಲೆ ಓಡಬೇಕು, ಅದು ಅವರಿಗೆ ಮರೆತುಹೋಗಿತ್ತು. ಎದುರಿನ ತಂಡದಲ್ಲಿದ್ದ ಗಗನ ಎಂಬ ಹುಡುಗಿಗೆ ಮರೆತಿರಲಿಲ್ಲ. ಚೆಂಡು ಎತ್ತಿ ಅವರ ಬೆನ್ನಿಗೆ ಫಟಾರನೆ ಬಿಟ್ಟಳು.

“ಔಟ್!”

ಫೈಲು ಹಿಡಿದವರು ಕಣ್ಣು ಮುಚ್ಚಿಕೊಂಡರು. ಗಣ್ಯರು ಬಿಳಿ ಅಂಗಿಯ ಮಣ್ಣನ್ನು ಒದರಿಕೊಳ್ಳುತ್ತಾ ತಿರುಗಿದರು.

“ನಾನು ರೆಡಿ ಇರ್ಲಿಲ್ಲ. ಇದು ಲೆಕ್ಕಕ್ಕಿಲ್ಲ. ನಾಳೆ ಮತ್ತೆ ಬರ್ತೀನಿ, ನೋಡ್ಕೊತೀನಿ ನಿನ್ನ. ಎಷ್ಟೊತ್ತಿಗೆ ಆಟ?”

ಎಲ್ಲರೂ ಕುಸುಮಳ ಕಡೆ ನೋಡಿದರು. ಅವಳಿಗೆ ಸುಳ್ಳು ಹೇಳಲು ಬರಲಿಲ್ಲ.

“ನಾಳೆ ಇಲ್ಲ ಸರ್. ರಜ ಮುಗೀತು. ಇವತ್ತೇ ಕೊನೆ...” ಎಂದಳು.

“ಸಂಜೆ ಐದಕ್ಕೆ ಸರ್,” ಎಂದಿತು ಹಿಂದಿನಿಂದ ಇನ್ನೊಂದು ದನಿ.

ಮಹೇಂದ್ರ. ಫೈಲಿನವರು ದುರುಗುಟ್ಟಿ ನೋಡುತ್ತಿದ್ದರೂ ಅವನು ಆ ಕಡೆ ತಿರುಗಲಿಲ್ಲ.

“ನಾಳೆಯಿಂದ ದಿನಾ ಸಂಜೆ ಐದಕ್ಕೆ. ಕುಸುಮ ಮೇಡಂ ಇರ್ತಾರೆ. ಈ ಪಾರ್ಕಿನ ಟೀಚರ್ ಅವರು.”

“ಹಾಗಾದ್ರೆ ಸರಿ, ಐದಕ್ಕೆ,” ಎಂದು ಗಣ್ಯರು ಫೈಲಿನವರ ಕಡೆ ತಿರುಗಿದರು. “ಬರ್ಕೊಳ್ರಿ.”

ಫೈಲಿನವರು ಬರೆದುಕೊಂಡರು. ಅವರು ಬರೆಯುವುದನ್ನು ಕುಸುಮ ಕಣ್ಣಾರೆ ನೋಡಿದಳು. ಇಷ್ಟು ದಿನ ನುಂಗಿಟ್ಟುಕೊಂಡಿದ್ದ ಅಳು ಆಗ ಬಂತು, ಮಕ್ಕಳ ಮುಂದೆಯೇ ಬಂತು, ಅವಳು ತಡೆಯಲೂ ಇಲ್ಲ. ಗಗನ ಹೆದರಿ ಓಡಿಬಂದು ಅವಳ ಕೈ ಹಿಡಿದುಕೊಂಡಳು.

“ಮಿಸ್, ನಾನು ಹೊಡೆದಿದ್ದಕ್ಕಾ?”

“ಅಲ್ಲ ಪುಟ್ಟಾ,” ಎಂದು ಕುಸುಮ ಕಣ್ಣೊರೆಸಿಕೊಂಡಳು. “ಚೆನ್ನಾಗೇ ಹೊಡೆದೆ. ನಾಳೆ ಅವರು ಯಾವ ಟೀಮಿಗೆ, ಅದನ್ನ ಮೊದಲು ಹೇಳು.”