ಕಣ್ಣು ಬಿಟ್ಟ ನಿದ್ದೆರಾಯ

ಹೆದ್ದಾರಿ ಊರೊಳಗೆ ಕಾಲಿಡುವ ತಿರುವಿನಲ್ಲಿ, ತಲೆಗೆ ತೋಳು ಕೊಟ್ಟು ಮಗ್ಗುಲಾಗಿದ್ದ ಮುನ್ನೂರಡಿಯ ಸಿಮೆಂಟಿನ ಮನುಷ್ಯನಿಗೆ ಜನ ಇಟ್ಟ ಹೆಸರು ನಿದ್ದೆರಾಯ. ಊರಿನ ವಿಳಾಸಗಳೆಲ್ಲ ಅವನ ಮೈಮೇಲೇ ಇದ್ದವು. "ಪಾದ, ಪಾದ! ಮಂಡಿ ಇಳಿಯೋರು ಬನ್ನಿ! ಮೂಗು ಇನ್ನೂ ಮುಂದಿದೆ, ಕೂತ್ಕೊಳ್ಳಿ ಅಜ್ಜಿ!" ಎಂದು ಬಸ್ಸಿನ ಕಂಡಕ್ಟರು ಪಿಸುಗುಟ್ಟುತ್ತಿದ್ದ. ಕೂಗುತ್ತಿರಲಿಲ್ಲ. ಆ ತಿರುವಿನಲ್ಲಿ ಯಾರೂ ದನಿ ಎತ್ತುತ್ತಿರಲಿಲ್ಲ, ಲಾರಿಗಳೂ ಹಾರ್ನ್ ಹಾಕುತ್ತಿರಲಿಲ್ಲ. ನಿಯಮವೇನಲ್ಲ, ಸಂಕೋಚ.

ನಿದ್ದೆರಾಯನ ಬಿರುಕು ಮುಚ್ಚುವುದು ಇಪ್ಪತ್ತೆರಡು ವರ್ಷದಿಂದ ಗಾರೆ ಮೇಸ್ತ್ರಿಯ ಕೆಲಸ. ಕೆಳಗೆ ನಿಂತು ಸಿಮೆಂಟು ಕಲಸುವುದು ಮಗಳದು. ಮೊದಲ ದಿನ ಬಿರುಕನ್ನು ಉಳಿಯಿಂದ ಅಗಲ ಮಾಡಿ ನೀರು ಕುಡಿಸಬೇಕು, ಮರುದಿನ ತುಂಬಬೇಕು. ಈ ಸಲ ಬಿರುಕು ಬಿಟ್ಟದ್ದು ಕಣ್ಣಿನ ರೆಪ್ಪೆ. ಮೇಸ್ತ್ರಿಗೋ ಒಂದು ವರ್ಷದಿಂದ ಎಲ್ಲ ಮಂಜುಮಂಜು. ಹೇಳಿದರೆ ಮಗಳು ಬೊಂಬಿನ ಸಾರ್ವೆ ಹತ್ತಲು ಬಿಡಳು. ಹತ್ತದ ಮೇಸ್ತ್ರಿ ಎಂಥ ಮೇಸ್ತ್ರಿ? ಬಾಯಿ ಬಿಡದೆ ಹತ್ತಿದ, ಹೆಬ್ಬೆರಳಿಗೆ ಸಿಕ್ಕಿದ ಗೀರನ್ನು ಅಗಲಿಸಿದ, ನೀರು ಚಿಮುಕಿಸಿ ಮನೆಗೆ ಹೋದ.

ಅವನು ಅಗಲಿಸಿದ್ದು ಬಿರುಕನ್ನಲ್ಲ, ಎರಡು ರೆಪ್ಪೆ ಕೂಡುವ ಗೆರೆಯನ್ನು. ಬೆಳಗಾದಾಗ ನಿದ್ದೆರಾಯ ಅರೆಗಣ್ಣು ಬಿಟ್ಟುಕೊಂಡು ಊರನ್ನೇ ನೋಡುತ್ತಿದ್ದ.

ಹೇಗೂ ಎದ್ದನಲ್ಲ, ಇನ್ನೇನು ಮುಲಾಜು ಎಂದು ಲಾರಿಗಳು ಹಾರ್ನ್ ಬಾರಿಸಿದವು. ಕೂಸುಗಳು ಮಲಗಲೊಲ್ಲವು. ನಗರಸಭೆಯವರ ನಿದ್ದೆಯೂ ಕೆಟ್ಟಿತು, ಅದೂ ಕಚೇರಿಯ ಹೊತ್ತಿನಲ್ಲಿ. ಇಂಜಿನಿಯರು ಓಡಿಬಂದು ಮೂಗಿನಲ್ಲೇ ಗದರಿದರು. "ಏನ್ರೀ ಮೇಸ್ತ್ರಿ, ಮಲಗಿದ್ದೋನ್ನ ಎಬ್ಬಿಸಿಬಿಟ್ರಲ್ರೀ! ಸಂಜೆಯೊಳಗೆ ಮಲಗಿಸಿ. ಇಲ್ಲಾಂದ್ರೆ ಈ ಕೆಲಸ ಇನ್ಮೇಲೆ ಬೇರೆಯವ್ರಿಗೆ."

ಅವರ ಬೆನ್ನು ಮರೆಯಾಗುತ್ತಲೇ ಮಗಳು ಅದೇ ಮೂಗುದನಿ ತೆಗೆದಳು. "ಏನ್ರೀ ಮೇಸ್ತ್ರಿ, ಜೋಗುಳ ಬರುತ್ತೇನ್ರೀ?"

ಮೇಸ್ತ್ರಿ ನಗಲಿಲ್ಲ. ಅವಳು ಕರಣೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸಾರ್ವೆಯತ್ತ ನಡೆದಳು.

"ಏಯ್, ನೀನೆಲ್ಲಿಗೆ?"

"ಕಣ್ಣು ಮುಚ್ಚಿಸೋಕೆ."

"ನಾನಿನ್ನೂ ಕಣ್ಣು ಮುಚ್ಚಿಲ್ಲ ಕಣೇ!"

"ಹಾಗಾದ್ರೆ ಈಗ ಮುಚ್ಚು. ಈ ಮರಳಿನ ಮೇಲೆ ಮಲಕ್ಕೋ. ನಿದ್ದೆಗಣ್ಣು ಹೇಗಿರುತ್ತೆ ಅಂತ ನೋಡ್ಕೊಂಡು ತಿದ್ದಬೇಕು. ನಿನ್ನಷ್ಟು ಚೆನ್ನಾಗಿ ಮಲಗೋರು ಇನ್ಯಾರಿದಾರೆ?"

ಗೊಣಗುತ್ತಲೇ ಮೇಸ್ತ್ರಿ ತಲೆಗೆ ತೋಳು ಕೊಟ್ಟು ಮಲಗಿದ. ಬಿಸಿಲಿಗೆ ಮರಳು ಬೆಚ್ಚಗಿತ್ತು. ಮೇಲೆಲ್ಲೋ ಕರಣೆ ಕರಕರ ಅನ್ನುತ್ತಿತ್ತು. ಯಾರೋ ತನ್ನ ಹುಬ್ಬನ್ನೇ ನೀವುತ್ತಿದ್ದಂತೆ ಅನ್ನಿಸಿತು. ಅವನು ನಿಧಾನವಾಗಿ ಬೆಳೆಯತೊಡಗಿದ. ಕಾಲು ಚಾಚಿ ಬಸ್‌ಸ್ಟ್ಯಾಂಡು ಮುಟ್ಟಿತು. ಮಂಡಿಯ ಮಗ್ಗುಲಲ್ಲಿ ವಾಹನಗಳು ಹಳ್ಳದಂತೆ ಹರಿದವು. ಕಿವಿಯೊಳಗೆ ಗುಬ್ಬಿಗಳು ಸಂಸಾರ ಹೂಡಿ ಜಗಳಕ್ಕೆ ಬಿದ್ದವು. ಭುಜದ ಮೇಲೆ ಮೋಡವೊಂದು ಬಂದು ಕೂತು, ದಣಿವಾರಿಸಿಕೊಂಡು, ಎದ್ದುಹೋಯಿತು.

"ಅಪ್ಪಾ, ಕಣ್ಣು ತೆಗೆದ್ಯಾ?"

"ತೆಗೆದೆ."

"ಮುಚ್ಚು ಮತ್ತೆ!"

"ತೆಗೆದ್ರೂ ಅಷ್ಟೇ ಕಣಮ್ಮ," ಎಂದ ಮೇಸ್ತ್ರಿ, ಒಂದು ವರ್ಷದಿಂದ ಕಚ್ಚಿ ಹಿಡಿದಿದ್ದನ್ನು ಬಿಟ್ಟುಕೊಟ್ಟು. "ಮುಚ್ಚಿದ್ರೂ ಅಷ್ಟೇ."

ಕರಣೆ ಕರಕರ ಅನ್ನುತ್ತಲೇ ಇತ್ತು.

"ಗೊತ್ತಪ್ಪಾ," ಎಂದಳು ಮೇಲಿನಿಂದ. "ರೆಪ್ಪೆ ಅಲ್ಲಾಡಿಸ್ಬೇಡ."