ಕಿವಿಯ ಹತ್ತಿರ

"...ಹೊರಡಲು ಸಿದ್ಧವಾಗಿದೆ" ಎನ್ನುವಷ್ಟರಲ್ಲಿ ಧ್ವನಿವರ್ಧಕದ ಹುಡುಗಿಗೆ ಉಸಿರು ಸಾಲದಾಯಿತು. ಕೊನೆಯ ಅಕ್ಷರವನ್ನು ನುಂಗಿಯೇ ಬಿಟ್ಟಳು. ಕಳೆದುಹೋದ ಸಾಮಾನುಗಳ ಕೋಣೆಯಲ್ಲಿ ಕುಳಿತಿದ್ದ ಗಂಟೆಯಮ್ಮ ತನಗರಿವಿಲ್ಲದೆಯೇ ತುಟಿಯಾಡಿಸಿ ಆ ವಾಕ್ಯವನ್ನು ಪೂರ್ತಿ ಮಾಡಿದಳು. ದನಿ ಮಾತ್ರ ಬರಲಿಲ್ಲ.

ಗಂಟೆಯಮ್ಮ ಎಂಬುದು ಬಸ್ಸಿನ ಡ್ರೈವರುಗಳು ಇಟ್ಟ ಹೆಸರು. ಈ ನಿಲ್ದಾಣದಲ್ಲಿ ಬಸ್ಸುಗಳ ಹೊತ್ತು ಕೂಗಿ ಹೇಳುತ್ತಿದ್ದವಳು ಅವಳೇ. ನಿದ್ದೆಗಣ್ಣಿನ ಪ್ರಯಾಣಿಕರು ಅವಳ ದನಿಗೆ ಎದ್ದು ಕೂರುತ್ತಿದ್ದರು. ಭಾನುವಾರ ಅದೇ ದನಿ ಚರ್ಚಿನಲ್ಲಿ ಹಾಡು ಎತ್ತಿಕೊಡುತ್ತಿತ್ತು. ಅವಳು ಶುರುಮಾಡಿದರೆ ಗೋಡೆಗೂ ಹಾಡಬೇಕೆನಿಸೀತು ಎಂದು ಹಿರಿಯರು ಹೇಳುತ್ತಿದ್ದರು. ಕಳೆದ ಮಳೆಗಾಲದ ಹೊತ್ತಿಗೆ ಕುತ್ತಿಗೆಯಲ್ಲಿ ಗಡ್ಡೆಯೊಂದು ಕಾಣಿಸಿಕೊಂಡಿತು. ಗಡ್ಡೆ ತೆಗೆದರು, ಪ್ರಾಣ ಉಳಿಯಿತು. ಆದರೆ ದನಿಯ ನರ ಆ ಗಡ್ಡೆಗೇ ಅಂಟಿಕೊಂಡಿತ್ತಂತೆ. ಈಗ ಉಳಿದಿರುವುದು ಒಣಗಿದ ಎಲೆ ಸರಿದಂಥ ಪಿಸುಮಾತು ಮಾತ್ರ. ಮೇಲಿನವರು ಒಳ್ಳೆಯವರು, ಕೆಲಸದಿಂದ ತೆಗೆಯಲಿಲ್ಲ. ಮೈಕಿನ ಕೋಣೆಯಿಂದ ಈ ಕೋಣೆಗೆ ಹಾಕಿದರು. ಇಲ್ಲಿ ಕೊಡೆಗಳು, ಊಟದ ಡಬ್ಬಿಗಳು, ಒಂಟಿ ಚಪ್ಪಲಿಗಳು, ಡಬ್ಬಿಯಲ್ಲಿಟ್ಟ ಯಾರದೋ ಹಲ್ಲುಸೆಟ್ಟು. ಮೂಲೆಯಲ್ಲೊಂದು ಊರುಗೋಲು. ಅದನ್ನು ಬಿಟ್ಟುಹೋದವನು ಹೇಗೆ ನಡೆದುಹೋದನೋ! ಪವಾಡವೇ ಆಗಿರಬೇಕೆಂದು ಸಿಬ್ಬಂದಿಯೆಲ್ಲ ನಗುತ್ತಿದ್ದರು. ಗಂಟೆಯಮ್ಮನಿಗೆ ಆ ಮಾತಿಗೆ ನಗು ಬರುತ್ತಿರಲಿಲ್ಲ.

ಇಂದು ಹೊಸ ವರ್ಷದ ಮೊದಲ ಬೆಳಿಗ್ಗೆ. ರಜೆ ಬೇಕೇ ಎಂದು ನಿಲ್ದಾಣದ ಕಂಟ್ರೋಲರ್ ತಾವಾಗಿಯೇ ಕೇಳಿದ್ದರು. ಬೇಡವೆಂದು ತಲೆಯಾಡಿಸಿದ್ದಳು. ರಜೆ ಸಿಕ್ಕರೆ ಆರಾಧನೆಗೆ ಹೋಗಬೇಕು. ಪ್ರತಿ ವರ್ಷ ತಾನು ಎತ್ತಿಕೊಡುತ್ತಿದ್ದ ಹಾಡನ್ನು ಬೇರೆಯವರ ಬಾಯಲ್ಲಿ ಕೇಳಬೇಕು. ಕಳೆದ ವಾರ ಪಾಸ್ಟರ್ ಮನೆಗೇ ಬಂದಿದ್ದರು.

"ದೇವರು ನಿಮ್ಮಿಂದ ಇನ್ನೇನೋ ಸೇವೆ ಬಯಸ್ತಿರಬಹುದಮ್ಮಾ" ಎಂದಿದ್ದರು.

"ಯಾವ್ದು ಅಂತ ನಿಮಗಾದ್ರೂ ಹೇಳಿದ್ದಾನಾ?" ಎಂದು ಅವಳು ಪಿಸುಗುಟ್ಟಿದ್ದಳು.

ಪಾಸ್ಟರ್, "ಇಲ್ಲಮ್ಮಾ, ನನಗೂ ಹೇಳಿಲ್ಲ" ಎಂದಿದ್ದರು. ಆ ಒಂದು ಮಾತಿಗಾಗಿ ಅವರ ಮೇಲಿನ ಗೌರವ ಹೆಚ್ಚಿತ್ತು. ದೇವರ ಮೇಲಿನ ಸಿಟ್ಟು ಮಾತ್ರ ಹಾಗೇ ಇತ್ತು. ಕೊಟ್ಟವನೇ ಕಿತ್ತುಕೊಂಡ, ಅದೂ ಅವನಿಗಾಗಿಯೇ ಬಳಸುತ್ತಿದ್ದುದನ್ನು. ಬೆಳಿಗ್ಗೆ ಒಬ್ಬನೇ ಚರ್ಚಿಗೆ ಹೊರಟ ಗಂಡನಿಗೆ ಅವಳು ಹೇಳಿಯೂ ಬಿಟ್ಟಿದ್ದಳು: "ಇನ್ಮೇಲೆ ನನ್ನನ್ನ ಕರೀಬೇಡಿ."

ಹೊರಗೆ ಗದ್ದಲ ಎದ್ದಿತು. ಮೊದಲ ಪ್ಲಾಟ್‌ಫಾರಂನ ಬೆಂಚಿನ ಸುತ್ತ ಜನ ಸೇರಿದ್ದರು. ನಡುವೆ ಮುದುಕಿಯೊಬ್ಬಳು ಕುಳಿತಿದ್ದಳು. ಇಸ್ತ್ರಿ ಮಾಡಿದ ಬಿಳಿ ಬಟ್ಟೆ, ತಲೆಯ ಮೇಲೆ ಶಾಲು. ಒಂದೊಂದು ಕಾಲಿಗೆ ಒಂದೊಂದು ತರದ ಚಪ್ಪಲಿ.

"ಅಜ್ಜೀ! ಎಲ್ಲಿಗ್ ಹೋಗ್ಬೇಕೂ?" ಕಂಟ್ರೋಲರ್ ಕೂಗಿದರು.

"ಕಿವಿ ಕೇಳಲ್ಲ ಅನ್ಸುತ್ತೆ ಸಾರ್, ಇನ್ನೂ ಜೋರಾಗಿ ಕೇಳಿ" ಎಂದ ಯಾರೋ ಒಬ್ಬ. ಇನ್ನೊಬ್ಬ ಇನ್ನೂ ಜೋರಾಗಿ ಕೇಳಿದ. ಒಬ್ಬೊಬ್ಬರು ಕೂಗಿದಷ್ಟೂ ಮುದುಕಿ ಶಾಲಿನೊಳಗೆ ಕುಗ್ಗುತ್ತ ಹೋದಳು. ಕೊನೆಗೆ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡು ಅಳತೊಡಗಿದಳು. ಸೆಕ್ಯೂರಿಟಿಯವನು ತೋಳು ಹಿಡಿದು ಮೆಲ್ಲಗೆ ಎಬ್ಬಿಸಿ, ಗಂಟೆಯಮ್ಮನ ಕೋಣೆಗೆ ಕರೆತಂದ.

"ಕಳೆದುಹೋದದ್ದೆಲ್ಲ ನಿಮ್ಮ ಲೆಕ್ಕಕ್ಕೆ ತಾನೇ ಅಮ್ಮಾ? ಇವರನ್ನೂ ಒಂದು ಗಳಿಗೆ ಇಟ್ಕೊಳ್ಳಿ" ಎಂದು ಕುರ್ಚಿ ಎಳೆದು ಕೂರಿಸಿ, ಬಾಗಿಲು ಮುಂದೆ ಮಾಡಿದ.

ಗಂಟೆಯಮ್ಮ ಎದುರಿಗೆ ಸ್ಟೂಲು ಎಳೆದುಕೊಂಡಳು. ಕೂಗಿ ಕೇಳುವಂತಿರಲಿಲ್ಲ. ಮುಖವನ್ನು ಮುದುಕಿಯ ಕೆನ್ನೆಯ ಹತ್ತಿರ ತಂದು, ಇದ್ದ ಉಸಿರಿನಲ್ಲೇ ಕೇಳಿದಳು: "ಅಜ್ಜಿ, ನೀರು ಕುಡೀತೀರಾ?"

ಮುದುಕಿಯ ಅಳು ಥಟ್ಟನೆ ನಿಂತಿತು. ಕಿವಿಯ ಮೇಲಿನ ಕೈಗಳು ಇಳಿದವು. ಅವಳು ಅತ್ತಿತ್ತ ನೋಡಿ, ತಾನೂ ಅಷ್ಟೇ ಮೆಲ್ಲಗೆ ಪಿಸುಗುಟ್ಟಿದಳು: "ಪ್ರಾರ್ಥನೆ ಶುರುವಾಗೋಯ್ತಾ ಮಗಳೇ?"

ಗಂಟೆಯಮ್ಮನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಪಿಸುಮಾತು ಕೇಳಿ ಮುದುಕಿ ಇದನ್ನು ಚರ್ಚು ಎಂದೇ ತಿಳಿದಿದ್ದಳು.

"ಇನ್ನೂ ಇಲ್ಲ ಅಜ್ಜಿ. ನೀವು ಒಬ್ಬರೇ ಬಂದ್ರಾ?"

"ಮಗಳಿಗೆ ಹೇಳ್ಬೇಡ, ಬೈತಾಳೆ." ಮುದುಕಿ ಇನ್ನಷ್ಟು ಹತ್ತಿರ ಬಾಗಿದಳು. "ರಾತ್ರಿಯೆಲ್ಲ ಅವಳಿಗೆ ಕೆಲಸ. ಯಾರ್ಯಾರದೋ ಮಕ್ಕಳನ್ನ ಬರಮಾಡ್ಕೊಳ್ಳೋದೇ ಆಯ್ತು. ನಾನು ಬಾಗಿಲು ಹಾಕ್ಕೊಂಡು ಬಂದ್ಬಿಟ್ಟೆ. ವರ್ಷದ ಮೊದಲ ದಿನ ಅಲ್ವಾ, ಆ ದೇವರ ಮುಂದೆ ಮುಖ ತೋರಿಸ್ದೆ ಇದ್ರೆ ಹೇಗೆ?"

ಗಂಟೆಯಮ್ಮ ಬಾಗಿಲಿಗೆ ಹೋಗಿ ಸೆಕ್ಯೂರಿಟಿಯವನನ್ನು ಕೈಬೀಸಿ ಕರೆದು, ಹೆರಿಗೆ ಆಸ್ಪತ್ರೆಗೆ ಫೋನ್ ಮಾಡಿ ಈ ಅಜ್ಜಿ ಯಾರ ತಾಯಿಯೆಂದು ರಾತ್ರಿ ಪಾಳಿಯ ನರ್ಸುಗಳನ್ನು ವಿಚಾರಿಸು ಎಂದಳು. ಅವನು ಕಣ್ಣರಳಿಸಿ ನೋಡಿದ. "ನಾವು ಅಷ್ಟು ಜನ ಅರಚಿದ್ರೂ ಹೇಳ್ಲಿಲ್ಲ, ನಿಮಗೆ ಹೇಗಮ್ಮಾ ಹೇಳಿದ್ರು?" ಎನ್ನುತ್ತಲೇ ಓಡಿದ.

ಮುದುಕಿ ನೀರು ಕುಡಿದು, ಲೋಟವನ್ನು ಮಡಿಲಲ್ಲೇ ಇಟ್ಟುಕೊಂಡಳು. "ಯಾಕೆ ಯಾರೂ ಹಾಡ್ತಾ ಇಲ್ಲ? ನೀನಾದ್ರೂ ಹಾಡು."

"ನನಗೆ ದನಿ ಇಲ್ಲ ಅಜ್ಜಿ."

"ಇದೆಯಲ್ಲ! ನನಗೆ ಕೇಳಿಸ್ತಾ ಇದೆ."

ಮುದುಕಿ ಉತ್ತರಕ್ಕೆ ಕಾಯಲಿಲ್ಲ. ಕಣ್ಣು ಮುಚ್ಚಿ, ಬಿರುಕು ಬಿಟ್ಟ ದನಿಯಲ್ಲಿ ತಾನೇ ಶುರುಮಾಡಿದಳು:

"ನಡೆದ ದಾರಿಯ ಧೂಳ ನೀ ತೊಳೆದೆ ತಂದೆ..."

ಅದೇ ಹೊಸ ವರ್ಷದ ಹಾಡು. ಆರು ತಿಂಗಳಿನಿಂದ ನಾಲಿಗೆಯ ಮೇಲೆ ಬಾರದಂತೆ ಗಂಟೆಯಮ್ಮ ಹಲ್ಲು ಕಚ್ಚಿ ತಡೆದ ಹಾಡು. ಎದ್ದು ಹೊರಗೆ ಹೋಗೋಣವೆನಿಸಿತು. ಅಷ್ಟರಲ್ಲಿ ಮುದುಕಿಯ ದನಿ ನಿಂತುಹೋಯಿತು. ಮೊದಲ ಸಾಲನ್ನು ಮತ್ತೆ ಹಾಡಿದಳು, ಮತ್ತೆ ಅಲ್ಲೇ ನಿಂತಳು. ಕತ್ತಲಲ್ಲಿ ಮೆಟ್ಟಿಲು ಹುಡುಕುವವರಂತೆ ಅವಳ ತುಟಿಗಳು ತಡಕಾಡಿದವು. "ಹೋಯ್ತು... ಎಲ್ಲ ಹೋಯ್ತು... ಇದೂ ಹೋಯ್ತು ನೋಡು" ಎಂದಳು. ಮತ್ತೆ ಅಳು ಒತ್ತಿಕೊಂಡು ಬಂತು.

ಇದೂ ಹೋಯ್ತು. ಆ ಮಾತು ಗಂಟೆಯಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಆಸ್ಪತ್ರೆಯ ಹಾಸಿಗೆಯಲ್ಲಿ ಮೊದಲ ಸಲ ಬಾಯಿ ತೆರೆದ ದಿನ ಅವಳೂ ಅದನ್ನೇ ಅಂದುಕೊಂಡಿದ್ದಳು, ಒಬ್ಬಳೇ. ಅವಳು ಲೋಟ ತೆಗೆದು ಪಕ್ಕಕ್ಕಿಟ್ಟಳು. ಮುದುಕಿಯ ಕೈ ಹಿಡಿದು, ಕಿವಿಯ ಹತ್ತಿರ ಬಾಗಿ, ಪಿಸುಗುಟ್ಟಿದಳು:

"ಉಳಿದ ದಾರಿಗೆ ನಿನ್ನ ಕೈಯೊಂದೆ ಸಾಕು."

ಮುದುಕಿ ಆ ಸಾಲನ್ನು ಹಾಡಿದಳು, ಇಡೀ ಸಾಲನ್ನು, ರಾಗ ಒಂದಿಷ್ಟೂ ತಪ್ಪದೆ. ರಾಗವೆಲ್ಲ ಅವಳಲ್ಲೇ ಇತ್ತು; ಮಾತು ಮಾತ್ರ ಇರಲಿಲ್ಲ. ಗಂಟೆಯಮ್ಮ ಮುಂದಿನ ಸಾಲು ಕೊಟ್ಟಳು. ಹೊರಗೆ ಬಸ್ಸುಗಳು ಹೊಗೆ ಬಿಡುತ್ತ ಹೋದವು, ಬಂದವು. ಕೊನೆಯ ಚರಣ ಮುಗಿದಾಗ ಗಂಟೆಯಮ್ಮನ ಕೆನ್ನೆ ಒದ್ದೆಯಾಗಿತ್ತು. ಒರೆಸಿಕೊಳ್ಳೋಣವೆಂದರೆ ಮುದುಕಿ ಕೈ ಬಿಡಲಿಲ್ಲ.

ಮಗಳು ನರ್ಸಿನ ಸಮವಸ್ತ್ರದಲ್ಲೇ ಓಡಿಬಂದಳು. ಹೆದರಿಕೆಯೆಲ್ಲ ಸಿಟ್ಟಾಗಿತ್ತು. "ಏನಮ್ಮಾ ನಿಂದು! ಯಾವ್ದಾದ್ರೂ ಬಸ್ಸಿನ ಕೆಳಗೆ ಬಿದ್ದಿದ್ರೆ ಏನ್ ಗತಿ?" ಎಂದು ಬಾಗಿಲಲ್ಲೇ ಕೂಗಿದಳು. ಮುದುಕಿ ಶಾಲಿನೊಳಗೆ ಕುಗ್ಗಿದಳು.

ಗಂಟೆಯಮ್ಮ ಏನೋ ಹೇಳಿದಳು. "ಏನಂದ್ರಿ?" ಎಂದು ಮಗಳು ಹತ್ತಿರ ಬಂದಳು.

"ಮೆಲ್ಲಗೆ ಮಾತಾಡಿ. ಕೂಗಿದ್ರೆ ಹೆದರ್ತಾರೆ."

ಮಗಳು ತಾಯಿಯನ್ನು ನೋಡಿದಳು, ಆ ಇಬ್ಬರ ಕೈಗಳನ್ನು ನೋಡಿದಳು. ಅವಳ ಭುಜಗಳು ಸಡಿಲವಾದವು. ಪಕ್ಕದಲ್ಲಿ ಮೊಣಕಾಲೂರಿ ಕುಳಿತು, "ಮನೇಲಿ ಕಾಣಿಸ್ಲಿಲ್ಲ ಅಂತ ಜೀವವೇ ಬಾಯಿಗೆ ಬಂದಿತ್ತು ಕಣಮ್ಮ" ಎಂದಳು. ಆಮೇಲೆ ಗಂಟೆಯಮ್ಮನ ಕಡೆ ತಿರುಗಿದಳು. "ಮೊದಲು ನಾನೇ ಚರ್ಚಿಗೆ ಕರ್ಕೊಂಡು ಹೋಗ್ತಿದ್ದೆ. ಹಾಡ್ತಾ ಹಾಡ್ತಾ ಮಾತು ಮರ್ತು ಅಳ್ತಾರೆ, ಎಲ್ಲರೂ ತಿರುಗಿ ನೋಡ್ತಾರೆ. ಈಗ ಭಾನುವಾರವೂ ನನಗೆ ಡ್ಯೂಟಿ. ಬಿಟ್ಟೇಬಿಟ್ವಿ."

"ನಾನು ಕರ್ಕೊಂಡು ಹೋಗ್ತೀನಿ" ಎಂದಳು ಗಂಟೆಯಮ್ಮ. ಅಂದ ಮೇಲೆ ತಾನೇ ಬೆಚ್ಚಿದಳು. ಆಡಿದ ಮಾತು ಹಿಂದಕ್ಕೆ ಬರುವಂತಿರಲಿಲ್ಲ. ಮಗಳು ಆಗಲೇ ಮನೆಯ ದಾರಿ ಹೇಳತೊಡಗಿದ್ದಳು.

ಸಂಜೆ ಮನೆಗೆ ಬಂದಾಗ ಗಂಡ ಕಿಟಕಿಯ ಹತ್ತಿರ ಕುಳಿತು ಕಳಚಿಹೋದ ಅಂಗಿಗುಂಡಿ ಹೊಲಿಯುತ್ತಿದ್ದ.

"ಏನ್ ಹೇಳಿದ್ರು ಪಾಸ್ಟರ್?" ಎಂದು ಅವಳು ಕೇಳಿದಳು.

ಅವಳೇ ಕೇಳಿದಳೆಂಬುದಕ್ಕೆ ಅವನು ಆಶ್ಚರ್ಯ ತೋರಿಸಲಿಲ್ಲ. "ಒಳ್ಳೇದೇ ಹೇಳಿದ್ರು. ಈ ವರ್ಷ ನಮಗೇನು ಸಿಗುತ್ತೆ ಅಂತ ಲೆಕ್ಕ ಹಾಕ್ಬೇಡಿ, ನಾವು ಯಾರಿಗೆ ಸಿಗ್ತೀವಿ ಅಂತ ನೋಡಿ ಅಂದ್ರು. ನೀನಿದ್ದಿದ್ರೆ ಅರ್ಧಕ್ಕೇ ಎದ್ದು ಬರ್ತಿದ್ದೆ ಬಿಡು."

"ಹೌದು, ಬರ್ತಿದ್ದೆ" ಎಂದಳು ಅವಳು. ಒಳಗೆ ಹೋಗಿ ಕೈಕಾಲು ತೊಳೆದು, ಒಲೆಯ ಮೇಲೆ ನೀರಿಟ್ಟಳು. ಅಲ್ಲಿಂದಲೇ ಹೇಳಿದರೆ ಅವನಿಗೆ ಕೇಳಿಸದೆಂದು ಮತ್ತೆ ಹೊರಬಂದು, ಪಕ್ಕದಲ್ಲಿ ನಿಂತಳು. "ಭಾನುವಾರ ನನ್ನನ್ನ ಬೇಗ ಎಬ್ಬಿಸಿ."

ಸೂಜಿ ಹಿಡಿದ ಅವನ ಕೈ ತಡೆದು ನಿಂತಿತು. ಆಮೇಲೆ ದಾರ ಮತ್ತೆ ಓಡತೊಡಗಿತು.

ಭಾನುವಾರ ಅವರು ಹಾಡುಗಾರರ ಸಾಲಿಗೆ ಹೋಗಲಿಲ್ಲ. ಬಾಗಿಲ ಹತ್ತಿರದ ಹಿಂದಿನ ಬೆಂಚಿನಲ್ಲಿ ಕುಳಿತರು: ಒಂದು ಕಡೆ ಗಂಡ, ನಡುವೆ ಗಂಟೆಯಮ್ಮ, ಗೋಡೆಯ ಕಡೆ ಮುದುಕಿ. ಮುಂದೆ ಬೇರೆ ಯಾರೋ ಹಾಡು ಎತ್ತಿಕೊಟ್ಟರು. ಗಂಟೆಯಮ್ಮನ ಎದೆಯಲ್ಲಿ ಮುಳ್ಳಾಡಿದಂತಾಯಿತು. ನೋವು ಎಲ್ಲೂ ಹೋಗಿರಲಿಲ್ಲ. ಎಲ್ಲರೂ ಎದ್ದು ನಿಂತರು. ಮುದುಕಿ ಮೊದಲ ಸಾಲು ಹಾಡಿದಳು, ಎರಡನೆಯದನ್ನು ಅರ್ಧ ಹಾಡಿ ನಿಂತಳು. ಮುಂದಿನ ಬೆಂಚಿನಿಂದ ಒಂದೆರಡು ತಲೆಗಳು ತಿರುಗಿದವು.

ಈ ಸಲ ಮುದುಕಿ ಅಳಲಿಲ್ಲ. ಶಾಲನ್ನು ಹಿಂದಕ್ಕೆ ಸರಿಸಿ, ನರೆಗೂದಲನ್ನು ಬೆರಳಿನಿಂದ ಒತ್ತಿ ಹಿಡಿದು, ಕಿವಿಯನ್ನು ಗಂಟೆಯಮ್ಮನ ಕಡೆ ತಿರುಗಿಸಿ ಕಾದಳು.